ಕೇಳುವ ನರಕ್ಕೆ ವಿದ್ಯುತ್ತಿನ ಸ್ಪರ್ಶ

ಎರಡು ಕಿವಿಗಳಲ್ಲಿ ಒಂದು ಮಂದವಾದರೆ ನಮ್ಮ ಹಳ್ಳಿಗಳಲ್ಲಿ ಅದನ್ನು ಕಾಯಿಲೆ ಎಂದು ಎಣಿಸುವವರು ಕಡಿಮೆ. ಇನ್ನೊಂದು ಕಿವಿ ಇದೆ, ಕೆಲಸ ಸಾಗುತ್ತದೆ. ಚನ್ನಗಿರಿಯ ಕಡೆ ಅಡಿಕೆ ಸುಲಿಯುವ ಯಂತ್ರದ ಮುಂದೆ ನಿಲ್ಲುವವರು ಯಂತ್ರದ ಸದ್ದನ್ನು ದೂರುತ್ತಾರೆ. ಹೊನ್ನಾಳಿ, ನ್ಯಾಮತಿಗಳಲ್ಲಿ ಭತ್ತ, ಮೆಕ್ಕೆಜೋಳ ಒಕ್ಕುವ ಯಂತ್ರದ ಮೇಲೆ, ಜಗಳೂರಿನಲ್ಲಿ ಕೊಳವೆಬಾವಿ ಕೊರೆಯುವ ಲಾರಿಯ ಮೇಲೆ ತಪ್ಪು ಹೊರಿಸುವುದುಂಟು. ಅರವತ್ತು ದಾಟಿದವರಾದರೆ ವಯಸ್ಸೇ ಕಾರಣ. ತಲೆ ಸುತ್ತಿದರೆ ಪಿತ್ತ. ಕಿವಿಯೊಳಗೆ ‘ಗುಂಯ್’ ಎಂದರೆ ಗಾಳಿ ಹೊಕ್ಕಿದೆ ಎಂಬ ಸಮಾಧಾನ. ಅದಕ್ಕೆ ಬೆಚ್ಚಗಿನ ಎಣ್ಣೆ ಎರಡು ತೊಟ್ಟು.

ಬಹಳಷ್ಟು ಸಲ ಕಾರಣ ಸಾಧಾರಣವಾದದ್ದೇ ಆಗಿರುತ್ತದೆ. ಕಿವಿಯಲ್ಲಿ ಗುಗ್ಗೆ ಕಟ್ಟಿರಬಹುದು, ತಮಟೆಯಲ್ಲಿ ತೂತಾಗಿರಬಹುದು. ಆದರೆ ಅಪರೂಪಕ್ಕೆ ದೋಷ ಕಿವಿಯಲ್ಲಿರದೆ, ಕಿವಿಯಿಂದ ಮೆದುಳಿಗೆ ಸುದ್ದಿ ಒಯ್ಯುವ ನರದ ದಾರಿಯಲ್ಲಿರುತ್ತದೆ. ಅಲ್ಲೊಂದು ಗಡ್ಡೆ ಸದ್ದಿಲ್ಲದೆ ಬೆಳೆಯುತ್ತಿರುತ್ತದೆ. ಆ ಗಡ್ಡೆಯನ್ನು ತೆಗೆಯುವ ಶಸ್ತ್ರಚಿಕಿತ್ಸೆಯ ನಡುವೆ ವೈದ್ಯರು ನರವನ್ನು ಅತ್ಯಲ್ಪ ವಿದ್ಯುತ್ತಿನಿಂದ ಪ್ರಚೋದಿಸಿ, ಅದರಲ್ಲಿ ಇನ್ನೂ ಜೀವವಿದೆಯೇ ಎಂದು ಪರೀಕ್ಷಿಸಬಲ್ಲರು. ವೈದ್ಯಕೀಯದ ಸೋಜಿಗಗಳಲ್ಲಿ ಇದೂ ಒಂದು. ಆದರೆ ಪರೀಕ್ಷೆಗೆ ಉತ್ತರ ಬರಬೇಕಾದರೆ ನರ ಉಳಿದಿರಬೇಕು. ನರ ಉಳಿದಿರಬೇಕಾದರೆ ರೋಗಿ ಬೇಗ ಬಂದಿರಬೇಕು.

ಒಂದೇ ಕೊಳವೆ, ನಾಲ್ಕು ನರ

ಕಿವಿಯ ಒಳಭಾಗದಲ್ಲಿ ಬಟಾಣಿ ಕಾಳಿನಷ್ಟು ದೊಡ್ಡದಾದ, ಶಂಖದಂತೆ ಎರಡೂವರೆ ಸುತ್ತು ಸುತ್ತಿಕೊಂಡ ಒಂದು ಅಂಗವಿದೆ. ಅದೇ ಕಾಕ್ಲಿಯ. ಅದರೊಳಗಿನ ದ್ರವದಲ್ಲಿ ಶಬ್ದದ ಅಲೆ ಸಾಗಿದಾಗ ಕೂದಲಿನಂತಹ ಎಳೆಗಳನ್ನು ಹೊತ್ತ ಜೀವಕೋಶಗಳು ಬಾಗುತ್ತವೆ, ಬಾಗಿದೊಡನೆ ನರಕ್ಕೆ ಸಂಕೇತ ಕೊಡುತ್ತವೆ. ಶಂಖದ ಬುಡದ ಭಾಗ ಕೀರಲು ಸ್ವರಕ್ಕೆ, ತುದಿಯ ಭಾಗ ಮಂದ್ರ ಸ್ವರಕ್ಕೆ ಸ್ಪಂದಿಸುತ್ತದೆ. ಈ ಅಲೆಯ ಚಲನೆಯನ್ನು ಕಂಡುಹಿಡಿದ ಗೇಯಾರ್ಗ್ ಫಾನ್ ಬೇಕೇಶಿ ಅವರಿಗೆ 1961ರಲ್ಲಿ ನೊಬೆಲ್ ಪ್ರಶಸ್ತಿ ಬಂತು.

ಕಾಕ್ಲಿಯದಿಂದ ಹೊರಡುವ ಶ್ರವಣ ನರದಲ್ಲಿ ಸುಮಾರು 30,000 ಎಳೆಗಳಿವೆ. ತಲೆಬುರುಡೆಯ ಮೂಳೆಯಲ್ಲಿರುವ, ಸುಮಾರು ಒಂದು ಸೆಂಟಿಮೀಟರ್ ಉದ್ದದ ಕಿರಿದಾದ ಕೊಳವೆಯ ಮೂಲಕ ಅದು ಮೆದುಳಿನ ಕಾಂಡವನ್ನು ಸೇರುತ್ತದೆ. ಆ ಕೊಳವೆಯಲ್ಲಿ ಅದು ಒಂಟಿಯಲ್ಲ. ದೇಹದ ಸಮತೋಲ ಕಾಯುವ ಎರಡು ನರಗಳು ಮತ್ತು ಮುಖದ ಸ್ನಾಯುಗಳನ್ನು ಆಡಿಸುವ ಮುಖನರ, ಹೀಗೆ ಒಟ್ಟು ನಾಲ್ಕು ನರಗಳು ಒಂದಕ್ಕೊಂದು ಅಂಟಿಕೊಂಡೇ ಸಾಗುತ್ತವೆ.

ಮನೆಯ ವೈರಿನ ಮೇಲೆ ಪ್ಲಾಸ್ಟಿಕ್ ಹೊದಿಕೆ ಇರುವಂತೆ ನರದ ಎಳೆಗಳ ಮೇಲೂ ಒಂದು ಹೊದಿಕೆ ಇದೆ. ಅದನ್ನು ಕಟ್ಟುವ ಕೋಶಗಳಿಗೆ ಶ್ವಾನ್ ಕೋಶಗಳೆಂದು ಹೆಸರು. ಸಮತೋಲ ನರದ ಶ್ವಾನ್ ಕೋಶಗಳು ಮಿತಿಮೀರಿ ಬೆಳೆದಾಗ ಉಂಟಾಗುವುದೇ ಈ ಗಡ್ಡೆ. ಬಹುಕಾಲ ಇದನ್ನು ‘ಅಕೌಸ್ಟಿಕ್ ನ್ಯೂರೋಮ’ ಎಂದು ಕರೆಯುತ್ತಿದ್ದರು. ಹುಟ್ಟುವುದು ಶ್ರವಣ ನರದಿಂದಲ್ಲ, ಸಮತೋಲ ನರದ ಹೊದಿಕೆಯಿಂದ ಎಂದು ಖಚಿತವಾದ ಮೇಲೆ ‘ವೆಸ್ಟಿಬ್ಯುಲರ್ ಶ್ವಾನೋಮ’ ಎಂಬ ಹೆಸರು ಬಂತು.

ಇದು ಕ್ಯಾನ್ಸರ್ ಅಲ್ಲ. ದೇಹದ ಬೇರೆಡೆಗೆ ಹರಡುವುದಿಲ್ಲ. ಬೆಳವಣಿಗೆಯೂ ನಿಧಾನ, ಸರಾಸರಿ ವರ್ಷಕ್ಕೆ ಒಂದೆರಡು ಮಿಲಿಮೀಟರ್, ಕೆಲವರಲ್ಲಿ ವರ್ಷಗಟ್ಟಲೆ ಬೆಳೆಯುವುದೇ ಇಲ್ಲ. ಆದರೆ ಮೂಳೆಯ ಕೊಳವೆ ಹಿಗ್ಗುವಂಥದ್ದಲ್ಲ. ಜಾಗವಿಲ್ಲದಾಗ ಮೊದಲು ನಲುಗುವುದು ಪಕ್ಕದ ಶ್ರವಣ ನರ. ಆ ಕಿವಿಗೆ ಶಬ್ದ ಕೇಳಿಸಿದರೂ ಮಾತು ಅರ್ಥವಾಗುವುದಿಲ್ಲ. ಕೊಳವೆ ದಾಟಿ ಹೊರಬಂದ ಗಡ್ಡೆ ದೊಡ್ಡದಾದರೆ ಮೆದುಳಿನ ಕಾಂಡವನ್ನೂ ಕಿರುಮೆದುಳನ್ನೂ ಒತ್ತುತ್ತದೆ. ಆಗ ನಡಿಗೆ ತಪ್ಪುತ್ತದೆ, ಮುಖ ಜೋಮು ಹಿಡಿಯುತ್ತದೆ, ಮೆದುಳಿನಲ್ಲಿ ನೀರು ತುಂಬಿ ತಲೆನೋವು, ವಾಂತಿ ಶುರುವಾಗುತ್ತವೆ. ಆ ಹಂತದಲ್ಲಿ ಪ್ರಶ್ನೆ ಕಿವಿಯದಲ್ಲ, ಪ್ರಾಣದ್ದು.

ವೋಲ್ಟಾನ ತಲೆಯೊಳಗಿನ ಸದ್ದು

ವಿದ್ಯುತ್ತಿಗೂ ಕಿವಿಗೂ ಇರುವ ನಂಟು ಬ್ಯಾಟರಿಯಷ್ಟೇ ಹಳೆಯದು. ಬ್ಯಾಟರಿಯನ್ನು ಕಂಡುಹಿಡಿದ ಇಟಲಿಯ ಅಲೆಸ್ಸಾಂಡ್ರೊ ವೋಲ್ಟಾ ತನ್ನ ಎರಡೂ ಕಿವಿಗಳಲ್ಲಿ ಲೋಹದ ಕಡ್ಡಿಗಳನ್ನು ಇಟ್ಟುಕೊಂಡು ಅವುಗಳಿಗೆ ಬ್ಯಾಟರಿಯ ತುದಿಗಳನ್ನು ಜೋಡಿಸಿದ. ತಲೆಯೊಳಗೆ ಧಕ್ಕೆ ಹೊಡೆದಂತಾಯಿತು. ಮಂದವಾದ ದ್ರವವೊಂದು ಕೊತಕೊತ ಕುದಿಯುವಂತಹ ಸದ್ದು ಕೇಳಿಸಿತು. 1800ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದ ಪತ್ರದಲ್ಲಿ ಆತ ಇದನ್ನು ವಿವರಿಸಿದ್ದಾನೆ. ಅಪಾಯವೆನಿಸಿದ್ದರಿಂದ ಪ್ರಯೋಗವನ್ನು ಮತ್ತೆ ಮಾಡಲು ಹೋಗಲಿಲ್ಲ. ಇಂದಿಗೂ ಅದನ್ನು ಯಾರೂ ಮಾಡಬಾರದು.

ವೋಲ್ಟಾ ಕೇಳಿದ್ದು ನರದ ನೇರ ಪ್ರಚೋದನೆಯಿಂದಲೋ, ಕಿವಿಯ ಇತರ ಭಾಗಗಳು ಅಲುಗಿದ್ದರಿಂದಲೋ ಎಂಬ ಪ್ರಶ್ನೆ ಉಳಿಯಿತು. ಅದಕ್ಕೆ ಉತ್ತರ ಬೇಕಾದರೆ ನರವನ್ನೇ ಮುಟ್ಟಬೇಕು. ನರವಿರುವುದೋ ತಲೆಬುರುಡೆಯ ಆಳದಲ್ಲಿ. ಕೇವಲ ಪ್ರಯೋಗಕ್ಕಾಗಿ ಮನುಷ್ಯನ ತಲೆಬುರುಡೆಯನ್ನು ತೆರೆಯಲಾಗದು. ಬೇರೆ ಕಾರಣಕ್ಕೆ ತೆರೆದಾಗ ಮಾತ್ರ ಆ ಅವಕಾಶ.

1950ರಲ್ಲಿ ಲುಂಡ್‌ಬರ್ಗ್ ಎಂಬ ವೈದ್ಯರು ನರಶಸ್ತ್ರಚಿಕಿತ್ಸೆಯ ವೇಳೆ ಶ್ರವಣ ನರಕ್ಕೆ ವಿದ್ಯುತ್ ಹರಿಸಿದರು. ರೋಗಿಗೆ ಕೇಳಿಸಿದ್ದು ಬರಿಯ ಗದ್ದಲ. 1957ರ ಫೆಬ್ರುವರಿ 25ರಂದು ಪ್ಯಾರಿಸ್ಸಿನಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಎರಡೂ ಕಿವಿಗಳಲ್ಲಿ ಕೊಲೆಸ್ಟಿಯಟೋಮ ಎಂಬ, ಮೂಳೆಯನ್ನೇ ಕೊರೆಯುವ ಚರ್ಮದ ಗಂಟು ಬೆಳೆದು, ಅದಕ್ಕಾಗಿ ನಡೆದ ಶಸ್ತ್ರಚಿಕಿತ್ಸೆಗಳ ನಂತರ ಪೂರ್ಣ ಕಿವುಡಾಗಿದ್ದ ರೋಗಿಯೊಬ್ಬರಿಗೆ ಮುಖನರವನ್ನು ಸರಿಪಡಿಸಬೇಕಾಗಿತ್ತು. ಆ ವೇಳೆಯಲ್ಲಿ ಷಾರ್ಲ್ ಐರಿಯೆ ಎಂಬ ಶಸ್ತ್ರವೈದ್ಯರು, ಆಂಡ್ರೆ ಜೂರ್ನೊ ಎಂಬ ಶರೀರವಿಜ್ಞಾನಿ ತಯಾರಿಸಿದ ತಂತಿಸುರುಳಿಯನ್ನು ಶ್ರವಣ ನರದ ಉಳಿದ ತುಂಡಿಗೆ ಜೋಡಿಸಿದರು. ರೋಗಿಗೆ ಜೀರುಂಡೆಯಂತಹ ಸದ್ದು ಕೇಳಿಸತೊಡಗಿತು. ಅಭ್ಯಾಸದ ಮೇಲೆ ಕೆಲವು ಪದಗಳನ್ನು ಗುರುತಿಸುವಷ್ಟಾಯಿತು. ಸುರುಳಿ ಕೆಟ್ಟುಹೋಗಿ ಪ್ರಯೋಗ ನಿಂತರೂ ಸುದ್ದಿ ಜಗತ್ತಿಗೆ ಹರಡಿತು. ನಮ್ಮಲ್ಲಿ ‘ಕಿವಿ ಸೋರುವುದು’ ಎಂದು ಕಡೆಗಣಿಸುವ ತೊಂದರೆಯ ಹಿಂದೆಯೂ ಕೆಲವೊಮ್ಮೆ ಇದೇ ಕೊಲೆಸ್ಟಿಯಟೋಮ ಇರುತ್ತದೆ ಎಂಬುದನ್ನು ಇಲ್ಲಿ ನೆನಪಿಡಬೇಕು.

ಹದಿನೆಂಟರ ಯುವಕ ಹೇಳಿದ ಉತ್ತರ

ನಿರ್ಣಾಯಕ ಪ್ರಯೋಗ ನಡೆದದ್ದು 1962ರಲ್ಲಿ, ಅಮೆರಿಕದ ಸ್ಟಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ. ಹದಿನೆಂಟು ವರ್ಷದ ಯುವಕನೊಬ್ಬನಿಗೆ ಕಿರುಮೆದುಳಿನ ಭಾಗದ ಗಡ್ಡೆಯನ್ನು ತೆಗೆಯಬೇಕಾಗಿತ್ತು. ಮೆದುಳಿಗೆ ತನ್ನದೇ ಆದ ನೋವಿನ ಅರಿವಿಲ್ಲ. ಆದ್ದರಿಂದ ಚರ್ಮ, ಮೂಳೆಗಳ ಭಾಗವನ್ನಷ್ಟೇ ಮರಗಟ್ಟಿಸಿ, ರೋಗಿ ಎಚ್ಚರವಿದ್ದಂತೆಯೇ ಶಸ್ತ್ರಚಿಕಿತ್ಸೆ ಮಾಡಲು ಸಾಧ್ಯ. ಗಡ್ಡೆಯ ಕೆಲಸದಲ್ಲಿ ಶ್ರವಣ ನರ ಕಣ್ಣಿಗೆ ಬಿದ್ದಾಗ ಕಿವಿತಜ್ಞ ಬ್ಲೇರ್ ಸಿಮನ್ಸ್ ಅದಕ್ಕೆ ಎಲೆಕ್ಟ್ರೋಡ್ ತಾಗಿಸಿ ವಿದ್ಯುತ್ ಮಿಡಿತಗಳನ್ನು ಹರಿಸಿದರು.

ಯುವಕ ತನಗೆ ಶಬ್ದ ಕೇಳಿಸುತ್ತಿದೆ ಎಂದ. ಹೊರಗೆ ಯಾವ ಶಬ್ದವೂ ಇರಲಿಲ್ಲ. ಶಂಖ, ತಮಟೆಗಳ ಪಾತ್ರವೂ ಇರಲಿಲ್ಲ. ಮಿಡಿತಗಳ ವೇಗ ಹೆಚ್ಚಿಸಿದಂತೆ ಸ್ವರದ ಭೇದವೂ ತಿಳಿಯಿತು. ಸೆಕೆಂಡಿಗೆ ಸುಮಾರು 1000 ಮಿಡಿತಗಳವರೆಗೆ ಆತ ವ್ಯತ್ಯಾಸ ಗುರುತಿಸಬಲ್ಲವನಾದ. ಸಂಕೇತ ಕೂದಲುಕೋಶದಿಂದ ಬಂತೋ ಬ್ಯಾಟರಿಯಿಂದ ಬಂತೋ ಎಂಬ ಭೇದವನ್ನು ನರ ಎಣಿಸುವುದಿಲ್ಲ ಎಂಬುದು ಇದರಿಂದ ಸ್ಪಷ್ಟವಾಯಿತು. ಕೋಶಗಳು ಸತ್ತಿದ್ದರೂ ನರ ಬದುಕಿದ್ದರೆ ಕಿವುಡರಿಗೆ ಕೇಳಿಸಬಹುದು!

1964ರಲ್ಲಿ ಸಿಮನ್ಸ್ ಕಿವುಡರೊಬ್ಬರ ಶ್ರವಣ ನರದಲ್ಲಿ ಆರು ಎಲೆಕ್ಟ್ರೋಡುಗಳನ್ನು ಕೂರಿಸಿ ಇದನ್ನೇ ಮುಂದುವರಿಸಿದರು. ಅವರ ಬರಹವನ್ನು ಓದಿದ ಆಸ್ಟ್ರೇಲಿಯಾದ ವೈದ್ಯ ಗ್ರೇಮ್ ಕ್ಲಾರ್ಕ್ ಈ ಸಂಶೋಧನೆಗೇ ಬದುಕನ್ನು ಮೀಸಲಿಟ್ಟರು. ಔಷಧಿ ಅಂಗಡಿ ನಡೆಸುತ್ತಿದ್ದ ಅವರ ತಂದೆಗೆ ಕಿವಿ ಮಂದವಿತ್ತು. ಶಂಖದ ಸುರುಳಿಯೊಳಗೆ ಎಲೆಕ್ಟ್ರೋಡನ್ನು ತೂರಿಸುವುದು ಹೇಗೆಂದು ತಿಳಿಯದೆ ಕುಳಿತಿದ್ದಾಗ, ಸಮುದ್ರ ದಂಡೆಯಲ್ಲಿ ಸಿಕ್ಕ ಶಂಖದೊಳಗೆ ಹುಲ್ಲಿನ ಎಸಳನ್ನು ತೂರಿಸಿ ಉಪಾಯ ಕಂಡುಕೊಂಡರು. ಬುಡ ಗಟ್ಟಿಯಾಗಿ ತುದಿ ಮೆತ್ತಗಿದ್ದರೆ ಅದು ಸುರುಳಿಯಲ್ಲಿ ಸಲೀಸಾಗಿ ಸಾಗುತ್ತದೆ. 1978ರ ಆಗಸ್ಟ್ 1ರಂದು ಮೆಲ್ಬರ್ನಿನಲ್ಲಿ ಅವರು ತಮ್ಮ ಮೊದಲ ಬಹು-ಎಲೆಕ್ಟ್ರೋಡ್ ಕಾಕ್ಲಿಯರ್ ಇಂಪ್ಲಾಂಟನ್ನು ಅಳವಡಿಸಿದರು. ಹುಟ್ಟು ಕಿವುಡು ಮಕ್ಕಳಿಗೆ ಇಂದು ಕರ್ನಾಟಕದಲ್ಲೂ ಅಳವಡಿಸುತ್ತಿರುವ ಸಾಧನದ ವಂಶಾವಳಿಯಲ್ಲಿ, ಗಡ್ಡೆಯ ಶಸ್ತ್ರಚಿಕಿತ್ಸೆಯ ನಡುವೆ ಆ ಯುವಕ ಕೊಟ್ಟ ಉತ್ತರವೂ ಸೇರಿದೆ.

ಥಿಯೇಟರಿನಲ್ಲಿ ನಡೆಯುವುದೇನು?

ಈಗ ಶ್ವಾನೋಮ ತೆಗೆಯುವಾಗ ರೋಗಿಗೆ ಪೂರ್ಣ ಅರಿವಳಿಕೆ ಕೊಡುತ್ತಾರೆ. ಆತನನ್ನು ಕೇಳಿ ತಿಳಿಯುವಂತಿಲ್ಲ. ಹಾಗಾಗಿ ನರಗಳನ್ನೇ ಕೇಳಬೇಕು. ಸೂಕ್ಷ್ಮದರ್ಶಕದಡಿ ಕಾಣುವ ದೃಶ್ಯ ಸುಲಭದ್ದಲ್ಲ. ದೊಡ್ಡ ಗಡ್ಡೆಯ ಮೇಲೆ ನರಗಳು ಒತ್ತಿ, ಹರಡಿ, ಜೇಡರ ಬಲೆಯಷ್ಟು ತೆಳ್ಳಗಾಗಿರುತ್ತವೆ. ಯಾವುದು ನರ, ಯಾವುದು ಗಡ್ಡೆಯ ಪೊರೆ ಎಂದು ಬರಿಗಣ್ಣಿನಿಂದ ಹೇಳುವುದು ಕಷ್ಟ.

ಮೊದಲ ಪ್ರಶ್ನೆ ಮುಖನರಕ್ಕೆ. ರೋಗಿಯ ಕಣ್ಣು ಮತ್ತು ಬಾಯಿಯ ಸುತ್ತಲಿನ ಸ್ನಾಯುಗಳಲ್ಲಿ ಸಣ್ಣ ಸೂಜಿಗಳನ್ನು ಇಟ್ಟಿರುತ್ತಾರೆ. ವೈದ್ಯರು ಸಂದೇಹದ ಎಳೆಯನ್ನು ಮಿಲಿ ಆಂಪಿಯರಿನ ಹತ್ತನೇ ಒಂದು ಭಾಗದ ಆಸುಪಾಸಿನ ವಿದ್ಯುತ್ತಿನಿಂದ ಮುಟ್ಟುತ್ತಾರೆ. ಹಳೆಯ ಟಾರ್ಚ್ ಬಲ್ಬಿನಲ್ಲಿ ಹರಿಯುತ್ತಿದ್ದ ವಿದ್ಯುತ್ತು ಸುಮಾರು 300 ಮಿಲಿ ಆಂಪಿಯರ್. ಅದರ ಮೂರು ಸಾವಿರದ ಒಂದು ಪಾಲು ಇದು. ಮುಟ್ಟಿದ್ದು ಮುಖನರವಾಗಿದ್ದರೆ ಸ್ನಾಯು ಮಿಡಿದು ಸ್ಪೀಕರಿನಲ್ಲಿ ‘ಟಕ್ ಟಕ್’ ಸದ್ದು ಬರುತ್ತದೆ. ಈ ಪರೀಕ್ಷೆ ನಡೆಯಬೇಕೆಂದೇ ಅರಿವಳಿಕೆ ತಜ್ಞರು ಆ ಹೊತ್ತಿನಲ್ಲಿ ಸ್ನಾಯು ಸಡಿಲಿಸುವ ಔಷಧಿಯನ್ನು ಕೊಡುವುದಿಲ್ಲ. ಕಣ್ಣು ಮುಚ್ಚಲಾಗದೆ, ಬಾಯಿ ಸೊಟ್ಟಗಾಗಿ ಬದುಕಬೇಕಾದ ಸ್ಥಿತಿಯಿಂದ ಎಷ್ಟೋ ರೋಗಿಗಳನ್ನು ಈ ವಿದ್ಯುತ್ ಸ್ಪರ್ಶ ಪಾರುಮಾಡಿದೆ.

ಶ್ರವಣ ನರದ ವಿಚಾರಣೆ ಬೇರೆ ಬಗೆಯದು. ಅದು ಯಾವ ಸ್ನಾಯುವನ್ನೂ ಆಡಿಸುವುದಿಲ್ಲ. ಕಿವಿ ಇನ್ನೂ ಕೇಳುತ್ತಿದ್ದರೆ ಅದರೊಳಗೆ ‘ಕ್ಲಿಕ್’ ಶಬ್ದಗಳನ್ನು ಬಿಡುತ್ತಾರೆ. ಪ್ರತಿ ಕ್ಲಿಕ್ಕಿಗೂ ಮೊದಲ ಹತ್ತು ಮಿಲಿಸೆಕೆಂಡುಗಳಲ್ಲಿ ನರ ಮತ್ತು ಮೆದುಳಿನ ಕಾಂಡದಿಂದ ಐದು ಮುಖ್ಯ ಅಲೆಗಳು ಏಳುತ್ತವೆ. ಒಂದು ವೋಲ್ಟಿನ ಹತ್ತು ಲಕ್ಷದ ಒಂದು ಪಾಲಿಗಿಂತಲೂ ಪುಟ್ಟವಾದ ಈ ಅಲೆಗಳನ್ನು ನೆತ್ತಿಯ ಮೇಲಿನ ಎಲೆಕ್ಟ್ರೋಡುಗಳು ಹಿಡಿಯುತ್ತವೆ. ನೂರಾರು ಕ್ಲಿಕ್ಕುಗಳ ಉತ್ತರವನ್ನು ಕಂಪ್ಯೂಟರ್ ಕೂಡಿಸಿ ಸರಾಸರಿ ತೆಗೆದಾಗ ಅಲೆ ಸ್ಪಷ್ಟವಾಗುತ್ತದೆ. ಐದನೆಯ ಅಲೆ ಸಾಮಾನ್ಯವಾಗಿ ಐದೂವರೆ ಮಿಲಿಸೆಕೆಂಡಿನ ಹೊತ್ತಿಗೆ ಬರಬೇಕು. ಅದು ಅರ್ಧ ಮಿಲಿಸೆಕೆಂಡ್ ತಡವಾದರೆ ಅಥವಾ ಅದರ ಎತ್ತರ ಅರ್ಧಕ್ಕೆ ಇಳಿದರೆ ನರಕ್ಕೆ ನೋವಾಗುತ್ತಿದೆ ಎಂದರ್ಥ. ಶಸ್ತ್ರವೈದ್ಯರು ಕೈ ತಡೆಯುತ್ತಾರೆ, ಎಳೆತ ಸಡಿಲಿಸುತ್ತಾರೆ, ಅಲೆ ಮರಳುವವರೆಗೆ ಕಾಯುತ್ತಾರೆ.

ಕಿವಿ ಆಗಲೇ ಕಿವುಡಾಗಿದ್ದರೆ ಕ್ಲಿಕ್ಕು ಪ್ರಯೋಜನಕ್ಕೆ ಬಾರದು. ಆಗ ಸಿಮನ್ಸ್ ಮಾಡಿದಂತೆ ವಿದ್ಯುತ್ತನ್ನೇ ಬಳಸಬೇಕು. ಗಡ್ಡೆ ತೆಗೆದ ಮೇಲೆ ಕಾಕ್ಲಿಯದ ಬಳಿ ಅಥವಾ ಅದರೊಳಗೆ ಪರೀಕ್ಷಾ ಎಲೆಕ್ಟ್ರೋಡ್ ಇಟ್ಟು ಮಿಡಿತ ಕಳುಹಿಸುತ್ತಾರೆ. ನರ ಬದುಕಿದ್ದರೆ ನೆತ್ತಿಯಲ್ಲಿ ಅಲೆ ಕಾಣುತ್ತದೆ. ಅದು ಬರುವುದೂ ಬೇಗ. ಐದನೆಯ ಅಲೆ ಸುಮಾರು ನಾಲ್ಕು ಮಿಲಿಸೆಕೆಂಡಿನಲ್ಲೇ ಹಾಜರು. ತಮಟೆ, ದ್ರವ, ಕೂದಲುಕೋಶಗಳ ದಾರಿಯನ್ನು ವಿದ್ಯುತ್ತು ಬಿಟ್ಟು ಹಾರಿರುತ್ತದಲ್ಲವೆ?

ಉತ್ತರ ಬಂದರೆ, ಬಾರದಿದ್ದರೆ

ಅಲೆ ಕಂಡರೆ ಆ ಕಿವಿಗೆ ಕಾಕ್ಲಿಯರ್ ಇಂಪ್ಲಾಂಟ್ ಉಪಯೋಗವಾಗಬಹುದೆಂದು ಅರ್ಥ. ಕೆಲವು ಕೇಂದ್ರಗಳಲ್ಲಿ ಅದೇ ಶಸ್ತ್ರಚಿಕಿತ್ಸೆಯಲ್ಲೇ ಅದನ್ನು ಕೂರಿಸುತ್ತಾರೆ. ಫಲ ಎಲ್ಲರಿಗೂ ಒಂದೇ ಸಮನಾಗಿರುವುದಿಲ್ಲ, ವೆಚ್ಚವೂ ಲಕ್ಷಗಳ ಲೆಕ್ಕದ್ದು. ಆದರೆ ದಾರಿ ಮುಚ್ಚಿರುವುದಿಲ್ಲ.

ನರ ಕಡಿದುಹೋಗಿದ್ದರೆ ಶಂಖದಲ್ಲಿ ಎಷ್ಟು ಎಲೆಕ್ಟ್ರೋಡ್ ಇಟ್ಟರೂ ವ್ಯರ್ಥ. ಕಂಬಕ್ಕೂ ಮನೆಗೂ ನಡುವಿನ ತಂತಿ ಹರಿದ ಮೇಲೆ ಸ್ವಿಚ್ಚು ಒತ್ತಿದರೇನು ಬಂತು? ‘ನ್ಯೂರೋಫೈಬ್ರೋಮಟೋಸಿಸ್ 2’ ಎಂಬ ವಂಶವಾಹಿ ದೋಷವಿರುವವರಲ್ಲಿ ಎರಡೂ ಕಡೆ ಗಡ್ಡೆ ಬೆಳೆಯುತ್ತದೆ. ಎರಡೂ ನರ ಕಳೆದುಕೊಂಡರೆ ಅವರ ಪಾಲಿಗೆ ಪೂರ್ಣ ಮೌನ. ಅಂಥ ಮಹಿಳೆಯೊಬ್ಬರಿಗೆ 1979ರಲ್ಲಿ ಲಾಸ್ ಏಂಜಲೀಸಿನ ವಿಲಿಯಂ ಹೌಸ್ ಮತ್ತು ವಿಲಿಯಂ ಹಿಟ್ಸೆಲ್‌ಬರ್ಗರ್ ಗಡ್ಡೆ ತೆಗೆಯುವಾಗಲೇ ಮೆದುಳಿನ ಕಾಂಡದ ಮೇಲೆ ಎಲೆಕ್ಟ್ರೋಡ್ ಇಟ್ಟರು. ಹೀಗೆ ಹುಟ್ಟಿದ ಬ್ರೈನ್‌ಸ್ಟೆಮ್ ಇಂಪ್ಲಾಂಟ್ ಇಂದು ಭಾರತದಲ್ಲೂ ಇದೆ. ಆದರೆ ಈ ಗಡ್ಡೆಯ ರೋಗಿಗಳಲ್ಲಿ ಹೆಚ್ಚಿನವರಿಗೆ ಅದು ಕೊಡುವುದು ಶಬ್ದದ ಅರಿವು ಮತ್ತು ತುಟಿಯ ಚಲನೆ ಓದಲು ನೆರವು; ನರ ಉಳಿದಾಗ ಸಿಗುವ ಸ್ಪಷ್ಟತೆ ಅಪರೂಪ.

ದಾವಣಗೆರೆಯಿಂದ ಬೆಂಗಳೂರಿಗೆ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ನಾಲ್ಕೂ ಇಂದು ದಾವಣಗೆರೆ ಜಿಲ್ಲೆಯ ತಾಲ್ಲೂಕುಗಳು. 1997ರಲ್ಲಿ ಜಿಲ್ಲೆ ರಚನೆಯಾಗುವ ಮೊದಲು ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗಕ್ಕೂ ಜಗಳೂರು ಚಿತ್ರದುರ್ಗಕ್ಕೂ ಸೇರಿದ್ದವು; ಆಗ ಹೊನ್ನಾಳಿಯ ಭಾಗವಾಗಿದ್ದ ನ್ಯಾಮತಿ ಪ್ರತ್ಯೇಕ ತಾಲ್ಲೂಕಾದದ್ದು ಈಚೆಗೆ. ನ್ಯಾಮತಿಯವರಿಗೆ ಈಗಲೂ ಶಿವಮೊಗ್ಗವೇ ಹತ್ತಿರ. ಎತ್ತ ಹೋದರೂ ಮೊದಲ ಪರೀಕ್ಷೆಗೆ ಕೊರತೆಯಿಲ್ಲ. ದಾವಣಗೆರೆಯಲ್ಲಿ ಚಿಗಟೇರಿ ಜಿಲ್ಲಾ ಆಸ್ಪತ್ರೆ ಇದೆ, 1965ರಿಂದಲೂ ಜೆ.ಜೆ.ಎಂ. ವೈದ್ಯಕೀಯ ಕಾಲೇಜು ಇದೆ. ಶಿವಮೊಗ್ಗ, ಚಿತ್ರದುರ್ಗಗಳಲ್ಲೂ ವೈದ್ಯಕೀಯ ಕಾಲೇಜುಗಳಿವೆ.

ಶ್ರವಣ ಪರೀಕ್ಷೆಯಲ್ಲಿ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯದು ದೇಶದಲ್ಲೇ ದೊಡ್ಡ ಹೆಸರು. 1965ರಲ್ಲಿ ಆರಂಭವಾದ ಈ ಸಂಸ್ಥೆಯಲ್ಲಿ ಕಲಿತ ಶ್ರವಣತಜ್ಞರು ನಾಡಿನ ಆಸ್ಪತ್ರೆಗಳಲ್ಲೆಲ್ಲ ಇದ್ದಾರೆ. ಐದು ಅಲೆಗಳ ಪರೀಕ್ಷೆಯನ್ನು ಮಾತು ಬಾರದ ಶಿಶುಗಳಿಗೂ ಅಲ್ಲಿ ಮಾಡುತ್ತಾರೆ. ಗಡ್ಡೆಯ ಶಸ್ತ್ರಚಿಕಿತ್ಸೆಗೆ ಹೆಸರಾದದ್ದು ಬೆಂಗಳೂರಿನ ನಿಮ್ಹಾನ್ಸ್. 1958ರಲ್ಲಿ ಅಲ್ಲಿ ನರಶಸ್ತ್ರಚಿಕಿತ್ಸೆಗೆ ಅಡಿಪಾಯ ಹಾಕಿದ ಡಾ. ಆರ್. ಮಾರ್ತಾಂಡ ವರ್ಮ ಅವರೇ ಮುಂದೆ, 1974ರಲ್ಲಿ ನಿಮ್ಹಾನ್ಸ್ ರೂಪುಗೊಂಡಾಗ, ಅದರ ಮೊದಲ ನಿರ್ದೇಶಕರಾದರು. ಸಣ್ಣ ಗಡ್ಡೆಗಳಿಗೆ ಕತ್ತಿಯ ಬದಲು ವಿಕಿರಣ ಬಳಸುವ ಗಾಮಾ ನೈಫ್ ಸೌಲಭ್ಯವೂ ಅಲ್ಲಿದೆ.

ಹೀಗೆ ವಿದ್ಯೆಯೂ ಇದೆ, ಉಪಕರಣವೂ ಇದೆ. ಕೊರತೆಯಿರುವುದು ಸಮಯದ್ದು. ಪಾಶ್ಚಾತ್ಯ ದೇಶಗಳಲ್ಲಿ ಈಗ ಬಹಳಷ್ಟು ಗಡ್ಡೆಗಳು ಎರಡು ಸೆಂಟಿಮೀಟರ್ ಮೀರುವ ಮೊದಲೇ ಪತ್ತೆಯಾಗುತ್ತವೆ. ಭಾರತದ ಆಸ್ಪತ್ರೆಗಳ ವರದಿಗಳಲ್ಲಿ ಮತ್ತೆ ಮತ್ತೆ ಕಾಣುವುದು ಮೂರು, ನಾಲ್ಕು ಸೆಂಟಿಮೀಟರಿನ ಗಡ್ಡೆಗಳು. ಆ ಕಿವಿಯ ಶ್ರವಣ ಹೋಗಿ ಎಷ್ಟೋ ಕಾಲವಾಗಿರುತ್ತದೆ. ಗಡ್ಡೆ ಒಂದೂವರೆ ಸೆಂಟಿಮೀಟರಿನೊಳಗಿದ್ದು ಕಿವಿ ಇನ್ನೂ ಕೇಳುತ್ತಿದ್ದರೆ ಶ್ರವಣವನ್ನು ಉಳಿಸುವ ಮಾತನ್ನು ವೈದ್ಯರು ಆಡಬಹುದು. ನಾಲ್ಕು ಸೆಂಟಿಮೀಟರ್ ಆದಾಗ ಪ್ರಾಣ, ಆಮೇಲೆ ಮುಖ. ಕಿವಿಯ ಸರದಿ ಕೊನೆಗೆ, ಬಂದರೆ ಬಂತು.

ಗುರುತಿಸುವುದು ಹೇಗೆ?

ಲಕ್ಷಣಗಳು ಸಣ್ಣವು, ಆದರೆ ಗುರುತಿಸಲು ಕಷ್ಟವಿಲ್ಲ. ಮೊಬೈಲನ್ನು ಒಂದು ಕಿವಿಗೆ ಹಿಡಿದಾಗ ಮಾತು ತಿಳಿಯದೆ ಇನ್ನೊಂದಕ್ಕೆ ಬದಲಿಸುವ ಅಭ್ಯಾಸ ಹೊಸದಾಗಿ ಶುರುವಾಗಿದೆಯೇ? ರಸ್ತೆ ದಾಟುವಾಗ ಬಸ್ಸಿನ ಹಾರ್ನು ಯಾವ ಕಡೆಯಿಂದ ಬಂತೆಂದು ತಿಳಿಯುತ್ತಿಲ್ಲವೇ? ‘ಗುಂಯ್’ ಸದ್ದು ಒಂದೇ ಕಿವಿಯಲ್ಲಿ ತಿಂಗಳುಗಟ್ಟಲೆ ಇದೆಯೇ? ಕತ್ತಲಲ್ಲಿ ಗದ್ದೆಯ ಬದುವಿನ ಮೇಲೆ ನಡೆಯುವಾಗ ಒಂದು ಕಡೆಗೆ ವಾಲಿದಂತಾಗುತ್ತದೆಯೇ?

ಯಂತ್ರದ ಸದ್ದಿನಿಂದಲೂ ಕಿವಿ ಕೆಡುತ್ತದೆ, ನಿಜ. ಆದರೆ ಸದ್ದು ಎರಡೂ ಕಿವಿಗಳಿಗೆ ಬೀಳುವುದರಿಂದ ಸಾಮಾನ್ಯವಾಗಿ ಎರಡೂ ಕಿವಿಗಳು ಮಂದವಾಗುತ್ತವೆ. ಮುಪ್ಪಿನ ಕಿವುಡೂ ಹಾಗೆಯೇ. ಒಂದೇ ಕಡೆ ಮಂದವಾದರೆ ಯಂತ್ರವನ್ನೂ ವಯಸ್ಸನ್ನೂ ದೂರುವ ಮುನ್ನ ಪರೀಕ್ಷೆ ಮಾಡಿಸಬೇಕು. ದಿಢೀರನೆ ಒಂದು ಕಿವಿ ಕೇಳಿಸದಾದರೆ ಅದೇ ದಿನ ಅಥವಾ ಮರುದಿನವೇ ವೈದ್ಯರನ್ನು ಕಾಣಬೇಕು. ಕಿವಿಗೆ ಎಣ್ಣೆ, ಸೊಪ್ಪಿನ ರಸ ಬಿಡಬಾರದು. ನರದ ದೋಷಕ್ಕೆ ಅದು ತಲುಪುವುದಿಲ್ಲ, ತಮಟೆಯಲ್ಲಿ ತೂತಿದ್ದರೆ ಸೋಂಕನ್ನು ಒಳಗೆ ಒಯ್ಯುತ್ತದೆ.

ಮೊದಲ ಹೆಜ್ಜೆ ಆಡಿಯೋಗ್ರಾಂ. ನೋವಿಲ್ಲ, ಸೂಜಿಯಿಲ್ಲ, ಕಿವಿಗೆ ಹೆಡ್‌ಫೋನ್ ಹಾಕಿ, ಸ್ವರ ಕೇಳಿದಾಗ ತಿಳಿಸಿದರೆ ಮುಗಿಯಿತು. ಎರಡು ಕಿವಿಗಳ ನಡುವೆ ಎದ್ದುಕಾಣುವ ವ್ಯತ್ಯಾಸವಿದ್ದರೆ ವೈದ್ಯರು ಎಂ.ಆರ್.ಐ. ಹೇಳುತ್ತಾರೆ. ವ್ಯತ್ಯಾಸವಿರುವ ಎಲ್ಲರಲ್ಲೂ ಗಡ್ಡೆಯಿರುವುದಿಲ್ಲ. ಪಾಶ್ಚಾತ್ಯ ಲೆಕ್ಕದಂತೆ ಈ ಗಡ್ಡೆ ವರ್ಷಕ್ಕೆ ಲಕ್ಷ ಜನರಲ್ಲಿ ಒಬ್ಬಿಬ್ಬರಲ್ಲಿ ಪತ್ತೆಯಾಗುವಂಥದ್ದು. ಗಡ್ಡೆ ಕಂಡರೂ ಎಲ್ಲರಿಗೂ ಶಸ್ತ್ರಚಿಕಿತ್ಸೆ ಬೇಕಿಲ್ಲ. ಬೆಳೆಯದ ಸಣ್ಣ ಗಡ್ಡೆಯನ್ನು ಕಾಲಕಾಲಕ್ಕೆ ಸ್ಕ್ಯಾನ್ ಮಾಡಿ ನೋಡುತ್ತಿದ್ದರೆ ಸಾಕು.

ಶಸ್ತ್ರಚಿಕಿತ್ಸೆಯೇ ಬೇಕಾದವರು ಮುಂಚಿತವಾಗಿ ವೈದ್ಯರನ್ನು ಕೇಳಬಹುದಾದ ಮಾತುಗಳಿವೆ: ನನ್ನ ಕಿವಿಯಲ್ಲಿ ಉಳಿಸುವಷ್ಟು ಶ್ರವಣ ಇದೆಯೇ? ಆಪರೇಷನ್ ವೇಳೆ ಮುಖನರ, ಶ್ರವಣ ನರಗಳ ನಿಗಾ ಇರುತ್ತದೆಯೇ? ಶ್ರವಣ ಹೋದರೆ ಮುಂದಿನ ದಾರಿ ಏನು? ಇವನ್ನು ಕೇಳುವುದು ಅಧಿಕಪ್ರಸಂಗವಲ್ಲ. ಶ್ರವಣ ನರ ಸತ್ತ ಮೇಲೆ ಎಂಥ ನಿಪುಣರೂ ಅದನ್ನು ಎಬ್ಬಿಸಲಾರರು. ಬದುಕಿದ್ದರೆ ಮಾತ್ರ, ಟಾರ್ಚ್ ಬಲ್ಬನ್ನೂ ಬೆಳಗಿಸಲಾಗದಷ್ಟು ಕಿರಿದಾದ ವಿದ್ಯುತ್ತಿಗೂ ಅದು ಓಗೊಡುತ್ತದೆ.